ನೂರಕ್ಕೆ ಎಷ್ಟು ಕೊಡೋದು?

ಹೋದ ತಿಂಗಳ ಅಂಕಣದಲ್ಲಿ ಒಂದು ಮಾತು ಬರೆದಿದ್ದೆ. ಮನೆಯ ತಿಂಗಳ ಲೆಕ್ಕದಲ್ಲಿ ಬಾಡಿಗೆ, ಕಂತು, ರೇಷನ್, ಫೀಸು ಅಂತ ಒಂದೊಂದು ಸಾಲು ಇರುವ ಹಾಗೆ ದಾನಕ್ಕೂ ಒಂದು ಸಾಲು ಇರಲಿ ಅಂತ. ಅದಕ್ಕೆ ಬಂದ ಪತ್ರಗಳು ಬೇರೆ ಬೇರೆ ಊರಿನವು, ಬೇರೆ ಬೇರೆ ಸಂಬಳದವು, ಆದರೆ ಸುತ್ತಿ ಬಳಸಿ ಕೇಳೋದು ಒಂದೇ: ಸರಿ, ಸಾಲು ಬರೆದೆವು, ಅದರ ಮುಂದೆ ಎಷ್ಟು ಅಂತ ಬರೆಯೋದು? ಈ ಸಲ ಪೂರ್ತಿ ಅಂಕಣ ಆ ಪತ್ರಗಳಿಗೇ.

ಪ್ರಶ್ನೆ: ನಾನೂ ನಮ್ಮ ಯಜಮಾನರೂ ಇಬ್ಬರೂ ಸಾಫ್ಟ್‌ವೇರ್ ಕೆಲಸದಲ್ಲಿದ್ದೇವೆ. ಎರಡೂ ಸೇರಿ ಕೈಗೆ ತಿಂಗಳಿಗೆ 2,40,000 ಬರುತ್ತದೆ. ಮನೆ ಸಾಲದ ಕಂತು 78,000. ಹೋದ ವರ್ಷ ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ 11,000 ಕೊಟ್ಟೆವು, ವಾಟ್ಸಾಪ್‌ನಲ್ಲಿ ಬಂದ ಆಸ್ಪತ್ರೆ ಖರ್ಚಿನ ಮನವಿಗಳಿಗೆ ಎರಡು ಸಲ 5,000, ಆಫೀಸಿನ ಸೆಕ್ಯುರಿಟಿಯವರ ಆಪರೇಷನ್‌ಗೆ 3,500, ಮಗಳ ಹುಟ್ಟುಹಬ್ಬಕ್ಕೆ ಒಂದು ಅನಾಥಾಲಯದಲ್ಲಿ ಊಟ ಹಾಕಿಸಿದ್ದು 10,000. ಯಜಮಾನರು ಬೇಕಾದಷ್ಟು ಕೊಟ್ಟಿದ್ದೇವೆ ಅಂತಾರೆ. ನನಗೆ ಯಾಕೋ ಸಮಾಧಾನ ಇಲ್ಲ. ಎಷ್ಟಾದರೆ ಸಾಕು?
— ಓದುಗರು, ಬೆಂಗಳೂರು

ಉತ್ತರ: ಮೊದಲು ಕೂಡಿಸೋಣ. 34,500. ನಿಮ್ಮಿಬ್ಬರ ವರ್ಷದ ಆದಾಯ 28,80,000. ನೂರಕ್ಕೆ 1.2 ಆಯಿತು. ಇಬ್ಬರೂ ಬೇಜಾರು ಮಾಡಿಕೊಳ್ಳಬೇಡಿ, ಇದು ಕಮ್ಮಿ ಅಂತ ಬೈಯೋದಕ್ಕೆ ಕೂಡಿಸಿದ್ದಲ್ಲ. ನೂರಕ್ಕೆ ಎಷ್ಟು ಅಂತ ಗೊತ್ತಾದರೆ ಮಾತು ಮುಂದಕ್ಕೆ ಹೋಗುತ್ತದೆ. 34,500 ಅಂದಾಗ ಜಾಸ್ತಿ ಅನಿಸುತ್ತದೆ, ಯಜಮಾನರಿಗೆ ಹಾಗೆ ಅನಿಸಿದ್ದು ಸಹಜ.

ಹಳೆಯ ಲೆಕ್ಕಗಳು ದೊಡ್ಡವು. ಕ್ರೈಸ್ತರಲ್ಲಿ ದಶಮಾಂಶ, ಸಿಖ್ಖರಲ್ಲಿ ದಸ್ವಂಧ್, ಎರಡೂ ಹತ್ತರಲ್ಲಿ ಒಂದು ಪಾಲು. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಟೋಬಿ ಆರ್ಡ್ ಅನ್ನೋ ತತ್ವಶಾಸ್ತ್ರದ ಮೇಷ್ಟ್ರು 2009ರಲ್ಲಿ ಇದೇ ಹತ್ತನೇ ಒಂದು ಪಾಲನ್ನು ಜೀವನಪೂರ್ತಿ ಕೊಡ್ತೀವಿ ಅಂತ ಮಾತು ಕೊಡುವವರ ಒಂದು ಬಳಗವನ್ನೇ ಕಟ್ಟಿದರು. ಹಾಗಂತ ಎಲ್ಲರೂ ಹತ್ತು ಕೊಡುತ್ತಾರೆ ಅಂದುಕೊಳ್ಳಬೇಡಿ. ದಾನದ ಲೆಕ್ಕವನ್ನು ವರ್ಷವರ್ಷ ಇಡುವ ಅಮೆರಿಕದಲ್ಲಿ ಜನ ತೆರಿಗೆ ಕಳೆದು ಕೈಗೆ ಬಂದ ಆದಾಯದಲ್ಲಿ ನೂರಕ್ಕೆ 2ರ ಆಸುಪಾಸು ಕೊಡುತ್ತಾರೆ. ಎಷ್ಟೋ ದಶಕಗಳಿಂದ ಆ ಅಂಕಿ ಅಲ್ಲಿಂದ ದೊಡ್ಡದಾಗಿ ಅಲುಗಾಡಿಲ್ಲ. ನಮ್ಮ ದೇಶದಲ್ಲಿ ದೊಡ್ಡ ಕಂಪನಿಗಳಿಗೆ ಕಾನೂನೇ ಹೇಳಿರೋದೂ ಲಾಭದಲ್ಲಿ ನೂರಕ್ಕೆ 2.

ನಿಮ್ಮಂಥ ಮನೆಗೆ ನಾನು ಹೇಳೋದೂ 2. ಕೈಗೆ ಬಂದ ಸಂಬಳದ ಮೇಲೆ, ಅಂದರೆ ತೆರಿಗೆ, ಪಿಎಫ್ ಕಳೆದ ಮೇಲೆ. ಮನೆ ಸಾಲದ ಕಂತನ್ನು ಕಳೆಯಬೇಡಿ. ಕಂತು ಕಟ್ಟಿದಷ್ಟೂ ಮನೆ ನಿಮ್ಮದಾಗುತ್ತಿದೆ, ಅದು ನಿಮ್ಮ ಆಸ್ತಿ. ಆಸ್ಪತ್ರೆಗೋ ಬೆಳೆ ಹೋಗಿದ್ದಕ್ಕೋ ಮಾಡಿದ ಕೈಸಾಲ ಆಗಿದ್ದರೆ ಕಳೆಯಿರಿ ಅಂತಲೇ ಹೇಳುತ್ತಿದ್ದೆ. ಹೀಗೆ ಹಿಡಿದರೆ ನಿಮಗೆ ತಿಂಗಳಿಗೆ 4,800 ಆಗುತ್ತದೆ.

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ನಿಮ್ಮ ಪಟ್ಟಿಯಲ್ಲಿ ಇರೋದೆಲ್ಲ ಯಾರೋ ಕೇಳಿದಾಗ ಕೊಟ್ಟಿದ್ದು, ಇಲ್ಲವೇ ನಿಮ್ಮ ಮನೆಯ ಸಂತೋಷಕ್ಕೆ ಕೊಟ್ಟಿದ್ದು. ತೆಗೆದುಕೊಳ್ಳುವವರ ಕಡೆಯಿಂದ ಸ್ವಲ್ಪ ನೋಡಿ. ಆ ಅನಾಥಾಲಯಕ್ಕೆ ಶನಿವಾರ ಭಾನುವಾರ ಹುಟ್ಟುಹಬ್ಬದ ಊಟ ಹಾಕಿಸುವವರು ಸಾಲಾಗಿ ಬರುತ್ತಾರೆ. ಹೋಳಿಗೆ, ಪಲಾವ್, ಐಸ್‌ಕ್ರೀಂ. ಬುಧವಾರದ ಸಾರಿಗೆ ಬೇಳೆ ಕೊಡಿಸುವವರು ಇರೋದಿಲ್ಲ. ಅಡುಗೆಯವರ ಸಂಬಳ, ಕರೆಂಟ್ ಬಿಲ್ಲು, ಹುಡುಗಿಯರಿಗೆ ಪ್ಯಾಡು, ಬಾಗಿಲು ಮುರಿದ ಕಕ್ಕಸಿನ ರಿಪೇರಿ, ಇದಕ್ಕೆಲ್ಲ ಯಾರ ಹುಟ್ಟುಹಬ್ಬವೂ ಆಗಿಬರೋದಿಲ್ಲ. ನೀವು ಹೋಗಿ ಅಲ್ಲಿನ ವಾರ್ಡನ್ ಹತ್ತಿರ ಕೂತು, ತಿಂಗಳಿಗೆ ಇಂತಿಷ್ಟು ಗ್ಯಾರಂಟಿ ಬರುತ್ತದೆ ಅಂದರೆ ಯಾವುದಕ್ಕೆ ಉಪಯೋಗ ಆಗುತ್ತದೆ ಅಂತ ಕೇಳಿ. ಅವರ ಮುಖ ನೋಡಿದರೆ ನಿಮಗೇ ಗೊತ್ತಾಗುತ್ತದೆ.

ನನ್ನ ಸಲಹೆ ಇಷ್ಟು. 4,800ರಲ್ಲಿ 2,500 ಒಂದೇ ಸಂಸ್ಥೆಗೆ, ಸಂಬಳ ಬಂದ ಮಾರನೇ ದಿನ ತಾನಾಗೇ ಹೋಗುವ ಹಾಗೆ ಬ್ಯಾಂಕಿನಲ್ಲಿ ಹೇಳಿಬಿಡಿ. 1,300 ನಿಮಗೆ ಗೊತ್ತಿರುವವರಿಗೆ. ಮನೆ ಕೆಲಸದವರ ಮಗನ ಫೀಸು, ಸೆಕ್ಯುರಿಟಿಯವರ ಔಷಧಿ, ಅಂಥದ್ದಕ್ಕೆ. ಉಳಿದ 1,000 ಕೂಡುತ್ತಾ ಹೋಗಲಿ, ಊರಿನ ದೇವಸ್ಥಾನ, ಪ್ರವಾಹ, ವಾಟ್ಸಾಪ್ ಮನವಿ ಎಲ್ಲ ಅದರಲ್ಲಿ. ಮುಗಿದರೆ ಆ ವರ್ಷ ಮುಗಿಯಿತು. ಆಗ ಇಲ್ಲ ಅನ್ನೋದಕ್ಕೆ ಸಂಕಟವೂ ಆಗೋದಿಲ್ಲ. ಮಗಳ ಹುಟ್ಟುಹಬ್ಬದ ಊಟ ಹಾಕಿಸಬೇಡಿ ಅಂತಲ್ಲ, ಹಾಕಿಸಿ, ಆದರೆ ಅದನ್ನು ಹುಟ್ಟುಹಬ್ಬದ ಖರ್ಚಿನಲ್ಲಿ ಬರೆಯಿರಿ.

ಪ್ರಶ್ನೆ: ನಮ್ಮದು ಆರು ಎಕರೆ. ಗೋವಿನಜೋಳ ಜಾಸ್ತಿ, ಒಂದು ಎಕರೆ ಬಿಳಿಜೋಳ ಮನೆಗೆ. ತಿಂಗಳ ಸಂಬಳದವರಿಗೆ ನೂರಕ್ಕೆ ಇಷ್ಟು ಅಂತ ಹೇಳಬಹುದು, ನಮಗೆ ಆದಾಯ ಅಂದರೆ ಯಾವುದು? ಒಂದು ವರ್ಷ ಬರುತ್ತದೆ, ಒಂದು ವರ್ಷ ಗೊಬ್ಬರದ ಅಂಗಡಿಯ ಬಾಕಿಗೇ ಹೋಗುತ್ತದೆ. ನಮ್ಮ ಅಪ್ಪನ ಕಾಲದಲ್ಲಿ ಕಣದಲ್ಲೇ ಎಲ್ಲ ಆಗುತ್ತಿತ್ತು. ಈಗ ಮೆಷಿನ್ ಬರುತ್ತದೆ, ಹೊಲದಲ್ಲೇ ಚೀಲ ತುಂಬಿ ಗಾಡಿಗೆ ಹೇರುತ್ತೇವೆ. ಕೊಡೋದೇ ನಿಂತುಹೋದ ಹಾಗಾಗಿದೆ.
— ರೈತರು, ಹಾವೇರಿ ಜಿಲ್ಲೆ

ಉತ್ತರ: ಅಣ್ಣಾವ್ರೇ, ನಿಮ್ಮ ಪತ್ರ ಓದಿ ತುಂಬಾ ಹೊತ್ತು ಯೋಚನೆ ಮಾಡಿದೆ. ಕಣದಲ್ಲಿ ರಾಶಿ ಪೂಜೆ ಆದ ಮೇಲೆ ಕಾಳು ಮನೆಗೆ ಹೋಗುವ ಮುಂಚೆ ಹೊರಗೆ ಹೋಗುತ್ತಿತ್ತು. ಬಡಿಗೇರರು, ಕಮ್ಮಾರರು, ಹಡಪದವರು ಬಂದು ಆಯ ಅಳೆಸಿಕೊಂಡು ಹೋಗುವರು. ಆಯ ದಾನ ಅಲ್ಲ, ಅದು ವರ್ಷವಿಡೀ ಮಾಡಿದ ಕೆಲಸದ ಕೂಲಿ, ಅದನ್ನು ಬೇರೆಯೇ ಇಡೋಣ. ಅದಾದ ಮೇಲೆ ಮಠದ ಪಾಲು, ಆಮೇಲೆ ಕಣದ ಅಂಚಿಗೆ ಬಂದು ನಿಂತ ಯಾರಿಗೇ ಆದರೂ ಮೊರದಲ್ಲಿ ಒಂದಿಷ್ಟು. ಅವರ ಹೆಸರು ಕೇಳುತ್ತಿರಲಿಲ್ಲ. ರಾಶಿ ಕಣ್ಣೆದುರಿಗೇ ಇರುತ್ತಿತ್ತು, ಅದಕ್ಕೆ ತಕ್ಕ ಹಾಗೆ ಕೈ ಹೋಗುತ್ತಿತ್ತು. ರಾಶಿ ದೊಡ್ಡದಾದ ವರ್ಷ ಮೊರ ತುಂಬಿ, ಸಣ್ಣದಾದ ವರ್ಷ ಬೊಗಸೆಯಲ್ಲಿ. ಪರ್ಸೆಂಟು ಅಂತ ಯಾರೂ ಬಾಯಲ್ಲಿ ಹೇಳದಿದ್ದರೂ ಲೆಕ್ಕ ನಡೆದಿದ್ದು ಹಾಗೇ.

ನಿಮ್ಮ ಪ್ರಶ್ನೆಗೆ ಎರಡು ಕಡೆಯಿಂದ ಒಳ್ಳೆಯ ಉತ್ತರ ಸಿಗುತ್ತದೆ. ಇಸ್ಲಾಮಿನಲ್ಲಿ ಬೆಳೆಯ ಮೇಲಿನ ಪಾಲಿಗೆ ಒಂದು ಲೆಕ್ಕ ಇದೆ. ಮಳೆ ನೀರಲ್ಲೇ ಬೆಳೆದಿದ್ದಾದರೆ ಹತ್ತರಲ್ಲಿ ಒಂದು, ರೈತನೇ ದುಡಿದು ಖರ್ಚು ಮಾಡಿ ನೀರು ಹಾಯಿಸಿ ಬೆಳೆದಿದ್ದಾದರೆ ಇಪ್ಪತ್ತರಲ್ಲಿ ಒಂದು. ಅಂದರೆ ಖರ್ಚು ಜಾಸ್ತಿ ಆದವರ ಪಾಲು ಅರ್ಧಕ್ಕೆ ಇಳಿಯಬೇಕು ಅಂತ ಸಾವಿರ ವರ್ಷದ ಹಿಂದೆಯೇ ಯೋಚಿಸಿದ್ದಾರೆ. ಇನ್ನೊಂದು ನಮ್ಮ ಕಂಪನಿ ಕಾನೂನು. 2013ರ ಆ ಕಾನೂನಿನಲ್ಲಿ ದೊಡ್ಡ ಕಂಪನಿಗಳು ಸಮಾಜದ ಕೆಲಸಕ್ಕೆ ನೂರಕ್ಕೆ 2 ಖರ್ಚು ಮಾಡಬೇಕು ಅಂತ ಇದೆ, ಆದರೆ ಆ ವರ್ಷದ ಲಾಭದ ಮೇಲಲ್ಲ, ಹಿಂದಿನ 3 ವರ್ಷದ ಸರಾಸರಿ ಲಾಭದ ಮೇಲೆ. ಕಂಪನಿಗಿಂತ ಏರಿಳಿತ ಜಾಸ್ತಿ ಇರೋದು ನಿಮ್ಮ ಹೊಲದಲ್ಲಿ. ಆ ಲೆಕ್ಕ ನಿಮಗೇ ಇನ್ನೂ ಚೆನ್ನಾಗಿ ಹೊಂದುತ್ತದೆ.

ಬೀಜ, ಗೊಬ್ಬರ, ಆಳು, ಮೆಷಿನ್ ಬಾಡಿಗೆ, ಬೆಳೆಸಾಲದ ಬಡ್ಡಿ ಎಲ್ಲ ಕಳೆದು ಉಳಿದಿದ್ದನ್ನು ಮೂರು ವರ್ಷದ್ದು ಬರೆಯಿರಿ. ಒಂದು ವರ್ಷ 1,90,000, ಒಂದು ವರ್ಷ 40,000, ಇನ್ನೊಂದು ವರ್ಷ 2,20,000 ಅಂತ ಇಟ್ಟುಕೊಳ್ಳಿ. ಸರಾಸರಿ 1,50,000. ನೂರಕ್ಕೆ 2 ಅಂದರೆ 3,000. ಕ್ವಿಂಟಲ್‌ಗೆ 2,000 ಅಂತ ಹಿಡಿದರೆ ಒಂದೂವರೆ ಕ್ವಿಂಟಲ್ ಗೋವಿನಜೋಳ. ದುಡ್ಡಾಗಿ ಯೋಚನೆ ಮಾಡಿದರೆ ಕೈ ಹಿಂದೆ ಸರಿಯುತ್ತದೆ, ಕಾಳಾಗಿ ಯೋಚನೆ ಮಾಡಿದರೆ ಸರಿಯೋದಿಲ್ಲ, ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಗೋವಿನಜೋಳ ಮಾರಾಟಕ್ಕೆ ಹೋಗಲಿ, ಅಷ್ಟೇ ಬೆಲೆಯ ಬಿಳಿಜೋಳವನ್ನು ಮನೆಗೆ ಒಯ್ಯುವ ಮುಂಚೆ ಬೇರೆ ಚೀಲಕ್ಕೆ ತುಂಬಿಡಿ. ಕಾಯಕ ಮಾಡಿ ದಾಸೋಹಕ್ಕೆ ಕೊಡು ಅಂತ 12ನೇ ಶತಮಾನದಲ್ಲಿ ಶರಣರು ಹೇಳಿದ್ದು ನಿಮ್ಮ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳ ದಾಸೋಹಕ್ಕೆ ಇವತ್ತಿಗೂ ರೈತರು ಗಾಡಿಯಲ್ಲಿ ದವಸ ತಂದು ಇಳಿಸುತ್ತಾರೆ. ಅಷ್ಟು ದೂರ ಹೋಗಬೇಕಾಗಿಲ್ಲ, ನಿಮ್ಮ ತಾಲೂಕಿನಲ್ಲೇ ಮಕ್ಕಳನ್ನು ಇಟ್ಟುಕೊಂಡು ಓದಿಸುವ ಮಠ, ಹಾಸ್ಟೆಲ್ ಇರುತ್ತವೆ. ಬೆಳೆ ಪೂರ್ತಿ ಹೋದ ವರ್ಷ ಕೊಡಬೇಡಿ. ಕೊಡಲಿಲ್ಲ ಅಂತ ನೊಂದುಕೊಳ್ಳಲೂ ಬೇಡಿ, ಮುಂದಿನ ವರ್ಷದ ಸರಾಸರಿಯಲ್ಲಿ ಅದು ಸರಿಹೋಗುತ್ತದೆ.

ಪ್ರಶ್ನೆ: ನಮ್ಮಮ್ಮ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತಾರೆ, ಕೈಗೆ 12,800 ಬರುತ್ತದೆ. ಅದರಲ್ಲಿ ಹೋದ ವರ್ಷ ಜೊತೆಯಲ್ಲಿ ಕೆಲಸ ಮಾಡುವವರ ಮಗಳ ಫೀಸಿಗೆ 2,000 ಕೊಟ್ಟರು. ಮಾದಪ್ಪನ ಬೆಟ್ಟದ ಹುಂಡಿಗೆ 500. ಬಾಗಿಲಿಗೆ ಬಂದವರಿಗೆ, ಅಕ್ಕಪಕ್ಕದವರಿಗೆ ಅಂತ ಒಂದು 600 ಆಗಿರಬಹುದು. ಇದಲ್ಲದೆ ಮದುವೆ, ಗೃಹಪ್ರವೇಶಗಳಿಗೆ ಮುಯ್ಯಿ 9,000. ಅದರಲ್ಲಿ 5,000 ಮೂರು ರೂಪಾಯಿ ಬಡ್ಡಿಗೆ ತಂದಿದ್ದು. ಹೇಳಿದರೆ ಕೇಳೋದಿಲ್ಲ, ಕೊಡೋ ಕೈ ತಡೀಬೇಡ ಅಂತಾರೆ. ನಾನಿನ್ನೂ ಡಿಪ್ಲೊಮಾ ಓದುತ್ತಿದ್ದೇನೆ. ಹೇಗೆ ಹೇಳೋದು?
— ಓದುಗ, ಮದ್ದೂರು

ಉತ್ತರ: ತಮ್ಮಾ, ಹೇಳುವ ಮುಂಚೆ ಅಮ್ಮನ ಲೆಕ್ಕ ಸರಿಯಾಗಿ ನೋಡು. ಫೀಸು, ಹುಂಡಿ, ಬಾಗಿಲಿಗೆ ಬಂದವರು ಸೇರಿ 3,100. ಅಮ್ಮನ ವರ್ಷದ ದುಡಿಮೆ 1,53,600. ನೂರಕ್ಕೆ 2ಕ್ಕಿಂತ ಸ್ವಲ್ಪ ಜಾಸ್ತಿಯೇ ಆಯಿತು. ಮೇಲೆ ಬೆಂಗಳೂರಿನ ದಂಪತಿಯ ಲೆಕ್ಕ ಓದಿದೆ ಅಲ್ವಾ? ಅವರಿಗಿಂತ ನಿಮ್ಮಮ್ಮನ ಪಾಲು ದೊಡ್ಡದು.

ಇದು ಅಪರೂಪವೂ ಅಲ್ಲ. ಅಶೋಕ ವಿಶ್ವವಿದ್ಯಾಲಯದ ಒಂದು ಕೇಂದ್ರ 2020-21ರಲ್ಲಿ, ಕೊರೊನಾ ಕಾಲದಲ್ಲಿ, ದೇಶದ ಮನೆಗಳು ಎಷ್ಟು ದಾನ ಕೊಡುತ್ತವೆ ಅಂತ ಸಮೀಕ್ಷೆ ಮಾಡಿತ್ತು. ನೂರಕ್ಕೆ 87 ಮನೆಗಳು ಏನಾದರೂ ಕೊಟ್ಟಿದ್ದವು. ಒಟ್ಟು ಅಂದಾಜು 23,700 ಕೋಟಿ ರೂಪಾಯಿ, ಹೆಚ್ಚಿನ ಪಾಲು ದೇವಸ್ಥಾನ, ಮಸೀದಿ, ಚರ್ಚು, ಮಠಗಳಂಥ ಧಾರ್ಮಿಕ ಸಂಸ್ಥೆಗಳಿಗೆ. ದೇಶದಲ್ಲಿ ಸುಮಾರು 30 ಕೋಟಿ ಮನೆಗಳು ಅಂತ ಹಿಡಿದು ಭಾಗಿಸಿದರೆ ಮನೆಗೆ ವರ್ಷಕ್ಕೆ 800 ರೂಪಾಯಿ ಹತ್ತಿರ ಬರುತ್ತದೆ. ನಿಮ್ಮಮ್ಮ ಅದರ ನಾಲ್ಕರಷ್ಟು ಕೊಟ್ಟಿದ್ದಾರೆ, ಹೊಲಿಗೆ ಮೆಷಿನ್ ಮುಂದೆ ದಿನವಿಡೀ ಕೂತು ದುಡಿದ ದುಡ್ಡಲ್ಲಿ. ಆ 3,100ರ ಬಗ್ಗೆ ಅವರಿಗೆ ಒಂದು ಮಾತೂ ಆಡಬೇಡ.

ಮುಯ್ಯಿ ವಿಷಯ ಬೇರೆ. ಛತ್ರದ ಬಾಗಿಲಲ್ಲಿ ಮೇಜು ಹಾಕಿಕೊಂಡು, ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು, ಊರು, ಹೆಸರು, ಮೊತ್ತ ಅಂತ ಬರೆದುಕೊಳ್ಳುತ್ತಾರಲ್ಲ, ಆ ಪುಸ್ತಕ ಮದುವೆ ಮನೆಯವರು ಇಪ್ಪತ್ತು ವರ್ಷ ಇಟ್ಟುಕೊಂಡಿರುತ್ತಾರೆ. ನಿನ್ನ ಮದುವೆಗೋ ನಿನ್ನ ತಂಗಿಯ ಮದುವೆಗೋ ಅದು ತಿರುಗಿ ಬರುತ್ತದೆ, ಬರಬೇಕು ಅಂತಲೇ ಬರೆಯೋದು. ಅದು ಕೆಟ್ಟದ್ದಲ್ಲ. ಬ್ಯಾಂಕು ಸಾಲ ಕೊಡದ ಮನೆಗಳಲ್ಲಿ ಮದುವೆ ನಡೆಯೋದೇ ಅದರಿಂದ. ಆದರೆ ಅದು ದಾನದ ಸಾಲಿನಲ್ಲಿ ಬರೋದಿಲ್ಲ, ಕೊಡು-ಕೊಳ್ಳುವ ಸಾಲಿನಲ್ಲಿ ಬರುತ್ತದೆ. ಮೂರು ರೂಪಾಯಿ ಬಡ್ಡಿ ಅಂದರೆ 5,000ಕ್ಕೆ ತಿಂಗಳಿಗೆ 150, ವರ್ಷಕ್ಕೆ 1,800. ಬಡ್ಡಿಯವನಿಗೆ ಕೊಟ್ಟ ಆ 1,800 ಅಮ್ಮನ ಜೊತೆಗಾರ್ತಿಯ ಮಗಳ ಫೀಸಿಗೆ ಹೆಚ್ಚುಕಮ್ಮಿ ಸಮ ಆಯಿತು ಅಂತ ಅಮ್ಮನಿಗೆ ಹೇಳಿ ನೋಡು. ನಿಮ್ಮಮ್ಮನ ಮನಸ್ಸು ನನಗೆ ಅರ್ಥವಾದ ಮಟ್ಟಿಗೆ, ಕೊಡಬೇಡ ಅಂದರೆ ಕೇಳೋದಿಲ್ಲ, ಇಂಥವಳಿಗೆ ಹೋಗಬೇಕಾಗಿದ್ದು ಬಡ್ಡಿಯವನಿಗೆ ಹೋಯಿತು ಅಂದರೆ ಕೇಳುತ್ತಾರೆ. ಸಾಲ ತಂದು ಮುಯ್ಯಿ ಬೇಡ. ಈ ಸಲ 200 ಹಾಕಿ, ಮುಂದೆ ಕೈಯಲ್ಲಿದ್ದಾಗ ತುಂಬಿಕೊಟ್ಟರಾಯಿತು, ನೆಂಟರು ಎಲ್ಲೂ ಓಡಿಹೋಗೋದಿಲ್ಲ.

ಪ್ರಶ್ನೆ: ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅಂತ ಹಿರಿಯರು ಹೇಳುತ್ತಾರೆ. ನೀವು ಪರ್ಸೆಂಟ್ ಹಾಕಿ ಪುಸ್ತಕದಲ್ಲಿ ಬರೆಯಿರಿ ಅಂತೀರಲ್ಲ?
— ಓದುಗರು, ಶಿರಸಿ

ಉತ್ತರ: ಊರಿಗೆ ಗೊತ್ತಾಗೋದು ಬೇಡ ಅಂತ ಹಿರಿಯರು ಹೇಳಿದ್ದು, ಗಂಡ ಹೆಂಡತಿಗೆ ಗೊತ್ತಾಗೋದು ಬೇಡ ಅಂತಲ್ಲ. ಒಬ್ಬರು ಕೊಟ್ಟಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದೆ ತಿಂಗಳ ಕೊನೆಯಲ್ಲಿ ಜಗಳ ಆಗುವ ಮನೆಗಳ ಪತ್ರ ನನಗೆ ಬರುತ್ತಲೇ ಇರುತ್ತವೆ. ಫೋಟೋ ಹಾಕಬೇಡಿ, ಕಲ್ಲಿನ ಮೇಲೆ ಹೆಸರು ಕೆತ್ತಿಸಬೇಡಿ. ಮನೆ ಪುಸ್ತಕದಲ್ಲಿ ಖಂಡಿತ ಬರೆಯಿರಿ.

ಪ್ರಶ್ನೆ: ನಿವೃತ್ತ ಹೈಸ್ಕೂಲ್ ಮೇಷ್ಟ್ರು ನಾನು, ಪಿಂಚಣಿ 46,000. ವಾರಾನ್ನ ಉಂಡು ಓದಿದವನು. ಆ ಋಣಕ್ಕೆ ಅಂತ ಈ ವರ್ಷ ಒಂದು ಉಚಿತ ಹಾಸ್ಟೆಲ್‌ಗೆ 20,000 ನಗದು ಕೊಟ್ಟು ರಸೀದಿ ತಂದೆ. ತೆರಿಗೆಯಲ್ಲಿ ಇದಕ್ಕೆ ಏನೂ ಸಿಗೋದಿಲ್ಲ ಅಂತ ಆಡಿಟರ್ ಹೇಳುತ್ತಾರೆ. ಹಾಗಿದ್ದರೆ 80ಜಿ ಅಂತ ರಸೀದಿಯಲ್ಲಿ ಯಾಕೆ ಹಾಕಿದ್ದಾರೆ?
— ಓದುಗರು, ಮೈಸೂರು

ಉತ್ತರ: ಮೇಷ್ಟ್ರೇ, ನಿಮ್ಮ ಆಡಿಟರ್ ಹೇಳಿದ್ದು ಸರಿ. ಕಾರಣ ಎರಡು. 80ಜಿ ಅಂದರೆ ದಾನ ಕೊಟ್ಟಿದ್ದನ್ನು ತೆರಿಗೆ ಬೀಳುವ ಆದಾಯದಿಂದ ಕಳೆಯಲು ಬಿಡುವ, 1961ರ ಆದಾಯ ತೆರಿಗೆ ಕಾನೂನಿನ ಕಲಮು. ನಗದಾಗಿ 2,000ಕ್ಕಿಂತ ಜಾಸ್ತಿ ಕೊಟ್ಟರೆ ಆ ವಿನಾಯಿತಿ ಇಲ್ಲ, ಚೆಕ್ ಅಥವಾ ಬ್ಯಾಂಕ್ ಮೂಲಕವೇ ಹೋಗಬೇಕು. ಅಕ್ಕಿ, ಬಟ್ಟೆ ಕೊಟ್ಟರೂ ಇಲ್ಲ. ಇನ್ನೊಂದು, ಹೊಸ ತೆರಿಗೆ ಪದ್ಧತಿಯಲ್ಲಿ ಈ ವಿನಾಯಿತಿಯೇ ಇಲ್ಲ, ಹಳೆಯ ಪದ್ಧತಿಯಲ್ಲಿ ಮಾತ್ರ. ಹಳೆಯದರಲ್ಲೂ ಎಲ್ಲ ಸಂಸ್ಥೆಗೂ ಒಂದೇ ಲೆಕ್ಕ ಅಲ್ಲ. ಪ್ರಧಾನಿ, ಮುಖ್ಯಮಂತ್ರಿ ಪರಿಹಾರ ನಿಧಿಗೆ ಕೊಟ್ಟಿದ್ದು ಪೂರ್ತಿ ಕಳೆಯಬಹುದು. ಸಾಮಾನ್ಯ ಟ್ರಸ್ಟುಗಳಿಗೆ ಕೊಟ್ಟಿದ್ದರಲ್ಲಿ ಅರ್ಧ ಮಾತ್ರ, ಅದಕ್ಕೂ ಆದಾಯದ ನೂರಕ್ಕೆ 10ರ ಮಿತಿ ಇದೆ. ಬರೀ ರಸೀದಿ ಇದ್ದರೆ ಸಾಲದು, ಸಂಸ್ಥೆ ತೆರಿಗೆಗೆ ಅಂತಲೇ ಇರುವ ದಾನದ ಪ್ರಮಾಣಪತ್ರವನ್ನೂ ಕೊಡಬೇಕು.

ಇಷ್ಟೆಲ್ಲ ಹೇಳಿದ ಮೇಲೆ, ನಿಮಗೆ ಇದು ಯಾವುದೂ ಬೇಕಾಗಿಲ್ಲ ಅಂತಲೂ ಹೇಳುತ್ತೇನೆ. ನಿಮ್ಮ ಪಿಂಚಣಿ ವರ್ಷಕ್ಕೆ 5,52,000. ಬ್ಯಾಂಕಿನ ಬಡ್ಡಿ ಒಂದಿಷ್ಟು ಸೇರಿದರೂ 12 ಲಕ್ಷ ದಾಟೋದಿಲ್ಲ. 2025-26ನೇ ಸಾಲಿನಿಂದ ಹೊಸ ಪದ್ಧತಿಯಲ್ಲಿ ಇಂಥ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಬರೋದಿಲ್ಲ. ಕಟ್ಟಬೇಕಾದ ತೆರಿಗೆಯೇ ಇಲ್ಲ ಅಂದ ಮೇಲೆ ಕಳೆಯೋದು ಎಲ್ಲಿಂದ? ವಿನಾಯಿತಿ ಸಿಗಲಿ ಅಂತ ಸುಮ್ನೆ ಹಳೆಯ ಪದ್ಧತಿಗೆ ಹೋದರೆ ನಿಮಗೆ ಲಾಭ ಏನೂ ಇಲ್ಲ. ಮುಂದಿನ ಸಲ ಬ್ಯಾಂಕಿನಿಂದ ಕಳಿಸಿ ಸಾಕು, ಅದು ತೆರಿಗೆಗಲ್ಲ, ದುಡ್ಡು ಸಂಸ್ಥೆಯ ಖಾತೆಗೇ ಹೋಯಿತು ಅನ್ನೋ ನಿಶ್ಚಿಂತೆಗೆ.

ನೀವು ವಾರಾನ್ನದ ಮಾತು ಬರೆದಿದ್ದಕ್ಕೆ ಒಂದು ಲೆಕ್ಕ ಹಾಕಿ ನೋಡಿದೆ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಅಂತ ಏಳು ಮನೆಯಲ್ಲಿ ಉಂಡು ಓದಿದ ಹುಡುಗರು ಹಳೆಯ ಮೈಸೂರಿನ ತುಂಬಾ ಇದ್ದರು. ಒಂದು ಮನೆಯಲ್ಲಿ ಆರು ಜನ, ಎರಡು ಹೊತ್ತು ಊಟ ಅಂದರೆ ವಾರಕ್ಕೆ 84 ಎಲೆ. ವಾರದ ಹುಡುಗನಿಗೆ 2 ಎಲೆ. ಮನೆಯವರ ಊಟದ ನೂರಕ್ಕೆ 2.4ರಷ್ಟು. ಅವರಲ್ಲಿ ಎಷ್ಟೋ ಜನ ಗುಮಾಸ್ತರು, ಅರ್ಚಕರು, ಪ್ರೈಮರಿ ಶಾಲೆ ಮೇಷ್ಟ್ರುಗಳು, ಒಬ್ಬರದೂ ದೊಡ್ಡ ಸಂಬಳ ಅಲ್ಲ. ಒಂದು ವಾರವೂ ತಪ್ಪಿಸದೆ ಕೊಟ್ಟರು, ಅದರಿಂದಲೇ ಒಂದು ಹುಡುಗನ ಓದು ಮುಗಿಯಿತು. ಅವರು ವರ್ಷಕ್ಕೊಂದು ದಿನ ಕರೆದು ಭಾರಿ ಊಟ ಹಾಕಿದ್ದರೆ ನೀವು ಮೇಷ್ಟ್ರಾಗುತ್ತಿರಲಿಲ್ಲ. ನಿಮ್ಮ 20,000 ಆದಾಯದ ನೂರಕ್ಕೆ 3.6 ಆಯಿತು. ಮುಂದಿನ ವರ್ಷ ಅದನ್ನೇ ತಿಂಗಳಿಗೆ 1,500ರ ಹಾಗೆ ಕೊಡಿ. ಮೊತ್ತ ಸ್ವಲ್ಪ ಕಮ್ಮಿ ಆಗುತ್ತದೆ, ಹಾಸ್ಟೆಲ್‌ನವರಿಗೆ ಉಪಯೋಗ ಜಾಸ್ತಿ ಆಗುತ್ತದೆ, ಔಷಧಿಗೆ ಅಂತ ನಿಮ್ಮ ಕೈಯಲ್ಲೂ ಉಳಿಯುತ್ತದೆ.

ಪ್ರಶ್ನೆ: ನಮ್ಮವರು ಗಲ್ಫಿನಲ್ಲಿದ್ದಾರೆ. ವರ್ಷದ ಆದಾಯ 6 ಲಕ್ಷ, ಬ್ಯಾಂಕಿನಲ್ಲಿ 8 ಲಕ್ಷ ಉಳಿತಾಯ ಇದೆ. ರಂಜಾನ್‌ನಲ್ಲಿ 20,000 ಝಕಾತ್ ಕೊಡುತ್ತೇವೆ. ಪಕ್ಕದ ಮನೆಯವರು ಆದಾಯದ ಮೇಲೆ ಎರಡೂವರೆ, 15,000 ಸಾಕು ಅಂತಾರೆ. ಯಾವುದು ಸರಿ?
— ಓದುಗರು, ಪುತ್ತೂರು

ಉತ್ತರ: ನಿಮ್ಮದೇ ಸರಿ ತಂಗಿ. ಝಕಾತ್ ಅಂದರೆ ಇಸ್ಲಾಮಿನಲ್ಲಿ ಉಳ್ಳವರು ಕೊಡಲೇಬೇಕಾದ ದಾನ. ನೂರಕ್ಕೆ ಎರಡೂವರೆ ಅನ್ನೋದು ಆದಾಯದ ಮೇಲಲ್ಲ, 85 ಗ್ರಾಂ ಚಿನ್ನ ಅಥವಾ 595 ಗ್ರಾಂ ಬೆಳ್ಳಿಯ ಬೆಲೆ ದಾಟಿ, ಒಂದು ಚಾಂದ್ರ ವರ್ಷ ನಿಮ್ಮ ಬಳಿ ಉಳಿದ ದುಡ್ಡಿನ ಮೇಲೆ. 8 ಲಕ್ಷಕ್ಕೆ 20,000. ಮೈಮೇಲೆ ಹಾಕಿಕೊಳ್ಳುವ ಒಡವೆಗೆ ಕೊಡಬೇಕೋ ಬೇಡವೋ ಅನ್ನೋದರಲ್ಲಿ ಶಾಫಿ ಮತ್ತು ಹನಫಿ ಪಂಥಗಳ ಲೆಕ್ಕ ಬೇರೆ ಬೇರೆ, ಅದನ್ನು ನಿಮ್ಮ ಉಸ್ತಾದರ ಹತ್ತಿರ ಕೇಳಿ.

ಬೇರೆ ಓದುಗರಿಗೂ ಇದರಲ್ಲಿ ಒಂದು ವಿಷಯ ಇದೆ. ಅದೇ 20,000ವನ್ನು ಇವರ ಆದಾಯಕ್ಕೆ ಹೋಲಿಸಿದರೆ ನೂರಕ್ಕೆ 3.3 ಆಗುತ್ತದೆ. ಕೂಡಿಟ್ಟದ್ದರ ಮೇಲೆ ಲೆಕ್ಕ ಹಾಕಿದರೆ ಪಾಲು ಬದಲಾಗುತ್ತದೆ. ಈಗ ತಾನೇ ಕೆಲಸಕ್ಕೆ ಸೇರಿದವನಿಗೆ ಆದಾಯ ಇದೆ, ಕೂಡಿಟ್ಟದ್ದು ಇಲ್ಲ. ಎರಡು ಸೈಟು, ಮೂರು ಮನೆ ಬಾಡಿಗೆ, ಎಫ್‌ಡಿ ಇರುವ ಹಿರಿಯರು ನನಗೇನು ಸಂಬಳ ಇದೆಯಾ ಅನ್ನುತ್ತಾರೆ. ಅಂಥವರು ಆದಾಯದ ಲೆಕ್ಕ ಬಿಟ್ಟು ಕೂಡಿಟ್ಟಿದ್ದರ ಲೆಕ್ಕ ನೋಡಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಅಜೀಂ ಪ್ರೇಮ್‌ಜಿ ತಮ್ಮ ವಿಪ್ರೊ ಷೇರುಗಳ ಬಹುಪಾಲನ್ನು ಪ್ರತಿಷ್ಠಾನಕ್ಕೆ ಬರೆದುಕೊಟ್ಟಿದ್ದು, ನಂದನ್ ಮತ್ತು ರೋಹಿಣಿ ನಿಲೇಕಣಿ 2017ರಲ್ಲಿ ಸಂಪತ್ತಿನ ಅರ್ಧ ಕೊಡುತ್ತೇವೆ ಅಂತ ಮಾತು ಕೊಟ್ಟಿದ್ದು, ಇವೆಲ್ಲ ಆಸ್ತಿಯ ಲೆಕ್ಕವೇ ಹೊರತು ಸಂಬಳದ ಲೆಕ್ಕ ಅಲ್ಲ.

ಪ್ರಶ್ನೆ: ಅಮೆರಿಕದ ಪೌರತ್ವ ತೆಗೆದುಕೊಂಡಿದ್ದೇವೆ. ಮನೆಯ ಆದಾಯ 1,80,000 ಡಾಲರ್. ಇಲ್ಲಿನ ಕನ್ನಡ ಕೂಟ, ದೇವಸ್ಥಾನ, ಫುಡ್ ಬ್ಯಾಂಕ್ ಸೇರಿ 3,000 ಡಾಲರ್ ಕೊಡುತ್ತೇವೆ. ಇನ್ನಷ್ಟು ಸೇರಿಸಿ ಚಿತ್ರದುರ್ಗದ ಕಡೆ ಒಂದು ಹಾಸ್ಟೆಲ್‌ಗೆ ಕಳಿಸೋಣ ಅಂತ. ಹೇಗೆ?
— ಓದುಗರು, ನ್ಯೂಜೆರ್ಸಿ

ಉತ್ತರ: 3,000 ಅಂದರೆ ನೂರಕ್ಕೆ 1.7. ಇನ್ನೊಂದು 600 ಸೇರಿಸಿದರೆ 2 ಆಗುತ್ತದೆ, ಆ 600 ಇಲ್ಲಿ ಒಂದು ಹಾಸ್ಟೆಲ್‌ಗೆ ದೊಡ್ಡ ಮೊತ್ತವೇ. ಆದರೆ ಕಳಿಸುವ ಮುಂಚೆ ಒಂದು ವಿಷಯ ತಿಳಿದುಕೊಳ್ಳಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ಎನ್‌ಆರ್‌ಐ ತನ್ನ ಉಳಿತಾಯದಿಂದ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಪೌರತ್ವ ಬದಲಾದ ಮೇಲೆ, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆ. ತೆಗೆದುಕೊಳ್ಳುವ ಟ್ರಸ್ಟಿಗೆ ವಿದೇಶಿ ದೇಣಿಗೆ ಕಾನೂನಿನ (ಎಫ್‌ಸಿಆರ್‌ಎ) ನೋಂದಣಿ ಇಲ್ಲವೇ ಮೊದಲೇ ಪಡೆದ ಅನುಮತಿ ಇರಲೇಬೇಕು, ದುಡ್ಡು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಅವರು ಇದಕ್ಕೆಂದೇ ತೆರೆದ ಖಾತೆಗೇ ಬರಬೇಕು. ದೆಹಲಿ ಖಾತೆಯ ಈ ನಿಯಮ 2020ರ ತಿದ್ದುಪಡಿಯಿಂದ ಬಂದಿದ್ದು. ಪ್ರೀತಿಯಿಂದ ನೀವು ನೇರ ಹಾಕಿಬಿಟ್ಟರೆ ತೊಂದರೆ ಆಗೋದು ಆ ಹಾಸ್ಟೆಲ್‌ನವರಿಗೆ. ನೋಂದಣಿ ಇಲ್ಲದಿದ್ದರೆ ಇರುವ ಬೇರೆ ಸಂಸ್ಥೆ ಹುಡುಕಿ. ನಿಮ್ಮಲ್ಲಿ ನೋಂದಣಿಯಾಗಿ ಇಲ್ಲಿ ಕೆಲಸ ಮಾಡುವ ಸಂಸ್ಥೆಗಳೂ ಇವೆ, ಆ ದಾರಿಯೂ ಆಗುತ್ತದೆ.

ಇನ್ನೊಂದು ಮಾತು. ನಿಮ್ಮ ದೇಶದಲ್ಲಿ 2000ದಲ್ಲಿ ಮೂರರಲ್ಲಿ ಎರಡು ಮನೆಗಳು ದಾನ ಕೊಡುತ್ತಿದ್ದವು, 2018ರ ಹೊತ್ತಿಗೆ ಅದು ಹೆಚ್ಚುಕಮ್ಮಿ ಎರಡರಲ್ಲಿ ಒಂದು ಮನೆಗೆ ಇಳಿದಿತ್ತು. ಒಟ್ಟು ದುಡ್ಡು ಕಮ್ಮಿಯಾಗಲಿಲ್ಲ, ಕೊಡುವ ಮನೆಗಳು ಕಮ್ಮಿಯಾದವು. ಅಂದರೆ ಸಿರಿವಂತರ ಪಾಲು ಹೆಚ್ಚಾಯಿತು, ನಿಮ್ಮಂಥ ಮನೆಗಳು ಹಿಂದೆ ಸರಿದವು. ಹಾಗಾಗಿ ಊರಿಗೆ ಕಳಿಸುವ ಉತ್ಸಾಹದಲ್ಲಿ ಅಲ್ಲಿನ ಫುಡ್ ಬ್ಯಾಂಕ್ ನಿಲ್ಲಿಸಬೇಡಿ. ನೀವು ಬದುಕುತ್ತಿರೋದು ಆ ಊರಲ್ಲಿ.

ಪ್ರಶ್ನೆ: ಮೊದಲ ಕೆಲಸ, ಸಂಬಳ 22,000. ಮನೆಗೆ 10,000 ಕಳಿಸುತ್ತೇನೆ. ಅದನ್ನೂ ದಾನ ಅಂತ ಲೆಕ್ಕ ಹಾಕಬಹುದಾ?
— ಓದುಗ, ಶಿವಮೊಗ್ಗ

ಉತ್ತರ: ಇಲ್ಲ, ಅದು ನಿನ್ನ ಮನೆಯ ಖರ್ಚು. ಅಪ್ಪ ಅಮ್ಮನಿಗೆ ಕೊಟ್ಟಿದ್ದನ್ನು ದಾನದ ಸಾಲಿನಲ್ಲಿ ಬರೆದರೆ ಅವರಿಗೆ ಗೊತ್ತಾದ ದಿನ ತುಂಬಾ ನೋವಾಗುತ್ತದೆ. ಅದನ್ನು ಕಳೆದು ಉಳಿದ 12,000ಕ್ಕೆ ಸದ್ಯಕ್ಕೆ ನೂರಕ್ಕೆ 1 ಹಿಡಿ. ತಿಂಗಳಿಗೆ 120 ರೂಪಾಯಿ. ಸಂಬಳ ಬಂದ ದಿನವೇ ತೆಗೆದಿಡು, ಸಂಬಳ ಹೆಚ್ಚಾದ ಹಾಗೆ ಒಂದೂವರೆ, ಎರಡು ಅಂತ ಏರಿಸು. ಇಷ್ಟು ಸಣ್ಣ ಮೊತ್ತವನ್ನು ಎಲ್ಲಿ ಕೊಡೋದು ಅಂತ ಯೋಚನೆ ಬೇಡ, ನೀನು ಓದಿದ ಸರ್ಕಾರಿ ಶಾಲೆಯನ್ನು ನೋಡಿಕೊಳ್ಳುವ ಸಮಿತಿಯವರ (ಎಸ್‌ಡಿಎಂಸಿ) ಹತ್ತಿರ ಕೇಳು, ವರ್ಷಕ್ಕೆ 1,440 ರೂಪಾಯಿಗೆ ಒಂದಿಷ್ಟು ನೋಟ್‌ಬುಕ್ ಬರುತ್ತವೆ. ಜೊತೆಗೆ ನಿನ್ನ ವಯಸ್ಸಿನಲ್ಲಿ ದುಡ್ಡಿಲ್ಲದೆ ಕೊಡಬಹುದಾದ್ದು ರಕ್ತ. 18 ತುಂಬಿ, ತೂಕ 45 ಕೆಜಿ ಮೇಲಿದ್ದು, ಆರೋಗ್ಯ ಸರಿಯಾಗಿದ್ದರೆ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ನಿಮ್ಮೂರಿನ ಮೆಗ್ಗಾನ್ ಆಸ್ಪತ್ರೆಯಲ್ಲೇ ರಕ್ತನಿಧಿ ಇದೆ. ಬೆಳಿಗ್ಗೆ ತಿಂಡಿ ತಿಂದು ಹೋಗು, ಖಾಲಿ ಹೊಟ್ಟೆಯಲ್ಲಿ ಹೋಗಬೇಡ.